ಜೊತೆಗೊಬ್ಬರು

ಬಸ್ಸು ಹತ್ತಿದ ಕೂಡಲೇ ಬಾಗಿಲ ಪಕ್ಕದ ಸೀಟು ಖಾಲಿ ಇದೆಯೋ ಇಲ್ಲವೋ ಎಂದು ನೋಡುವವರು, ಊಟದ ಪಂಕ್ತಿಯಲ್ಲಿ ತುದಿಯ ಎಲೆಯನ್ನೇ ಹುಡುಕುವವರು, ಸಭೆಗೆ ಹೋದರೆ ಹೊರಗೆ ಹೋಗುವ ದಾರಿಯ ಮೇಲೇ ಕಣ್ಣಿಟ್ಟುಕೊಂಡು ಭಾಷಣ ಕೇಳುವವರು ನಿಮ್ಮಲ್ಲಿ ಇದ್ದರೆ ಇದು ನಿಮಗೆ. ಉಳಿದವರು ಓದಬಾರದು ಎಂದಲ್ಲ. ಓದಿ, ಆದರೆ ನಗಬೇಡಿ. ನಗಬೇಕಾದ ಜಾಗ ಬಂದಾಗ ನಾನೇ ಹೇಳುತ್ತೇನೆ.

ನಾನು ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ; ಮನೆಯ ಮಾತಿನಲ್ಲಿ ಮಾತ್ರ ಹೆಂಗಸರೆಲ್ಲ 'ಅದು'. ಭಾರತಿ ಅಕ್ಕೋರ ಚಪ್ಪಲಿ ಸದ್ದು ಕೇಳಿದರೆ ವರಾಂಡದಲ್ಲಿ ನಿಂತ ಹುಡುಗರು ಸದ್ದಿಲ್ಲದೆ ಒಳಗೆ ಹೋಗಿ ಕೂರುತ್ತಿದ್ದರು. ಅಂಥ ಬಾಯಿ ನನ್ನದು. ಮನೆ ಶಿರಸಿ ಪೇಟೆಯಲ್ಲಿ. ಗಂಡ ಗಜಾನನ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡವರು, ಜೊತೆಗೆ ಅತ್ತೆ. ಮಕ್ಕಳಾಗಲಿಲ್ಲ, ಆ ಕಥೆ ಇಲ್ಲಿ ಬೇಡ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ಕಾನಸೂರು. ಎಷ್ಟೋ ವರ್ಷ ಆ ದಾರಿಯಲ್ಲಿ ನಿದ್ದೆ ಮಾಡಿಕೊಂಡೇ ಓಡಾಡಿದವಳು ನಾನು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಸಹೋದ್ಯೋಗಿಯೊಬ್ಬರ ಮಗನ ಉಪನಯನದ ಊಟ ಮುಗಿಸಿ, ಎಲ್ಲರಂತೆ ಎಲೆಯಡಿಕೆಯ ಒಂದು ಕವಳ ಹಾಕಿಕೊಂಡು ಸಿದ್ದಾಪುರದಲ್ಲಿ ಬಸ್ಸು ಹತ್ತಿದೆ. ಬಸ್ಸು ತುಂಬಿತ್ತು. ಕಾನಸೂರು ದಾಟಿ ಕಾಡು ಶುರುವಾದ ಮೇಲೆ, ಏನೂ ಕಾರಣವಿಲ್ಲದೆ, ಎದೆ ಹೊಡೆದುಕೊಳ್ಳತೊಡಗಿತು. ಅಂಗೈ ತಣ್ಣಗಾಯಿತು. ಉಸಿರು ಎಳೆದುಕೊಳ್ಳುತ್ತಿದ್ದೇನೆ, ಆದರೆ ಅದು ಒಳಗೆ ಹೋಗುತ್ತಿಲ್ಲ. ಸುತ್ತ ನಿಂತವರ ಸೊಂಟ, ಚೀಲ, ಛತ್ರಿ ಎಲ್ಲ ನನ್ನ ಮೇಲೇ ಬರುತ್ತಿವೆ. ಸತ್ತೆ, ಇಲ್ಲೇ ಸತ್ತೆ, ಈ ಕಾಡಿನ ನಡುವೆ ಎಂದುಕೊಂಡೆ. "ನಿಲ್ಸಿ! ನಿಲ್ಸಿ!" ಎಂದು ಕೂಗಿಬಿಟ್ಟೆ.

ಬಸ್ಸು ನಿಂತಿತು. ಕಂಡಕ್ಟರ್ ಗಫೂರ್ ಜನರನ್ನು ಸರಿಸಿಕೊಂಡು ಬಂದ. ಯಲ್ಲಾಪುರದವನು, ಆ ದಾರಿಯ ಎಲ್ಲರ ಪರಿಚಯ ಅವನಿಗೆ. "ಏನಾಯ್ತು ಅಕ್ಕೋರೇ?" ಎಂದು ಕೇಳುವಷ್ಟರಲ್ಲಿ ಹಿಂದಿನ ಸೀಟಿನ ಮುದುಕರೊಬ್ಬರು ನನ್ನ ಬಾಯಿಯ ಕೆಂಪು ನೋಡಿ ತೀರ್ಪು ಕೊಟ್ಟರು.

"ಹೊಸ ಅಡಿಕೆ ಹಾಕಿದ್ರನ? ಸೊಕ್ಕಿದ್ದು ಬಿಡಿ. ಈಗ ಇಳಿತು."

ಬಸ್ಸಿಗೆ ಬಸ್ಸೇ ನಿರಾಳವಾಗಿ ನಕ್ಕಿತು. ಗಟ್ಟಿ ಅಡಿಕೆ ಜಗಿದಾಗ ತಲೆ ಗಿರ್ರೆಂದು, ಬೆವರು ಬಿಟ್ಟು, ಎದೆ ಓಡುವುದು ನಮ್ಮಲ್ಲಿ ಎಲ್ಲರಿಗೂ ಆಗಿರುವಂಥದ್ದೇ. ಅಡಿಕೆ ಸೊಕ್ಕಿತು ಎನ್ನುತ್ತೇವೆ. ಯಾರೋ ನೀರು ಕೊಟ್ಟರು, ಯಾರೋ ಒಂದು ಹರಳು ಉಪ್ಪು ಕೊಟ್ಟರು, ಇನ್ಯಾರೋ ನನ್ನ ತಲೆಗೆ ತಮ್ಮ ಟವೆಲ್ಲಿನಿಂದ ಗಾಳಿ ಹಾಕಿದರು. ಶಿರಸಿ ಬರುವಷ್ಟರಲ್ಲಿ ಸರಿಹೋಯಿತು. ನಾನೂ ಅಡಿಕೆಯೆಂದೇ ನಂಬಿದೆ. ಮನೆಯಲ್ಲಿ ಅತ್ತೆ ಮಜ್ಜಿಗೆ ಕುಡಿಸಿ, "ಪರರ ಮನೆ ಕವಳ ನೋಡ್ಕಂಡು ಹಾಕವು ತಂಗಿ" ಎಂದು ಬುದ್ಧಿ ಹೇಳಿದರು.

ಇಲ್ಲಿ ನಗಬಹುದು. ಮುಂದಿನ ವಾರ ಕವಳ ಹಾಕದೆಯೇ ಅದು ಮತ್ತೆ ಬಂತು.

ಆಗ ಶುರುವಾಯಿತು ನಮ್ಮ ಮನೆಯ ವಿಚಾರಣೆ. "ಕವಳ ಹಾಕಿದ್ಯ?" "ಇಲ್ಲೆ." "ಅಡಿಕೆ ಪುಡಿ?" "ಇಲ್ಲೆ ಅತ್ತೆ." "ಸ್ಟಾಫ್ ರೂಮಿನಲ್ಲಿ ಯಾರಾರು ಕೊಟ್ವನ?" ಅತ್ತೆಗೆ ಅಡಿಕೆಯನ್ನು ಬಿಟ್ಟರೆ ಬೇರೆ ಅಪರಾಧಿ ಸಿಗಲೊಲ್ಲದು. ನಾನು ಕವಳ ಪೂರ್ತಿ ಬಿಟ್ಟೆ. ಚಹಾ ಬಿಟ್ಟೆ. ಸಂಜೆಯ ಕರಿದ ತಿಂಡಿ ಬಿಟ್ಟೆ. ಬಿಡಲು ಇನ್ನೇನೂ ಉಳಿಯದಿದ್ದರೂ ಕಾನಸೂರಿನ ಆಚೆಯ ಕಾಡಿಗೆ ಬಸ್ಸು ಹೊಕ್ಕಿತೆಂದರೆ ನನ್ನ ಎದೆ ಶುರುಮಾಡುತ್ತಿತ್ತು.

ಶಿರಸಿಯಲ್ಲಿ ಎದೆಗೆ ತಂತಿ ಹಚ್ಚಿ ನೋಡಿದರು. ರಕ್ತ ನೋಡಿದರು. ನಾನು ಗೋಡೆಗೆ ಒರಗಿಸಿಟ್ಟ ಬೆಂಚಿನ ಮೇಲೆ, ಮೊಣಕಾಲು ನೋವಿಗೆ ಮಾತ್ರೆ ಕೇಳಲು ಬಂದವರ ನಡುವೆ ಕೂತು ಕಾದೆ. ಕೊನೆಗೆ ಡಾಕ್ಟರು ಕನ್ನಡಕ ತೆಗೆದು, "ನಿಮಗೆ ಏನೂ ಇಲ್ಲ" ಎಂದರು. ಗಂಡ ದೇವರಿಗೆ ಕೈಮುಗಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಏನೂ ಇಲ್ಲದ್ದಕ್ಕೆ ಮದ್ದು ಯಾರು ಕೊಡುತ್ತಾರೆ? ಏನಾದರೂ ಇದ್ದಿದ್ದರೆ ಅದರ ಹೆಸರಾದರೂ ಹೇಳಿಕೊಂಡು ಅಳಬಹುದಿತ್ತು.

ನಮ್ಮ ಕಡೆ ಯಾರಿಗಾದರೂ ಮೈ ಸರಿಯಿಲ್ಲ ಎಂದರೆ ಮೊದಲು ಆಗುವ ಕೆಲಸ ಒಂದೇ: ಜೊತೆಗೊಬ್ಬರನ್ನು ಕಳಿಸುವುದು. ಆಸ್ಪತ್ರೆಗೆ ಜೊತೆಗೊಬ್ಬರು, ಪೇಟೆಗೆ ಜೊತೆಗೊಬ್ಬರು, ಹಿತ್ತಲಿಗೆ ಹೋದರೂ ಬಾಗಿಲಲ್ಲಿ ಒಬ್ಬರು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಗಂಡ ನಿಂತು ಸಿದ್ದಾಪುರಕ್ಕೆ ಹೋಗುವ ಪರಿಚಯದವರನ್ನು ಹುಡುಕುತ್ತಿದ್ದರು. ಸಿಕ್ಕವರ ಪಕ್ಕದಲ್ಲಿ ನನ್ನನ್ನು ಕೂರಿಸಿ, "ಸ್ವಲ್ಪ ನೋಡ್ಕಳಿ" ಎಂದು ಒಪ್ಪಿಸುತ್ತಿದ್ದರು. ಹಾಲಿನ ಕ್ಯಾನು ಒಪ್ಪಿಸಿದ ಹಾಗೆ. ಒಪ್ಪಿಸಿಕೊಂಡವರು ದಾರಿಯುದ್ದಕ್ಕೂ ನನ್ನ ಮುಖ ನೋಡುತ್ತಿದ್ದರು. "ಆರಾಮಿದ್ರ? ಎಂತೂ ಆಗ್ತಾ ಇಲ್ಯಲ?" ಜೊತೆಯಿದ್ದರೆ ಏನೂ ಆಗುತ್ತಿರಲಿಲ್ಲ. ಜೊತೆ ಸಿಗದ ದಿನ ನಾನು ಬಸ್ ಸ್ಟ್ಯಾಂಡಿನಿಂದಲೇ ಮನೆಗೆ ವಾಪಸು. ಹಾಗೆ ವಾಪಸು ಬಂದ ದಿನಗಳು ಹೆಚ್ಚುತ್ತ ಹೋದವು.

ಆಮೇಲೆ ಅದು ಬಸ್ಸಿಗೆ ಮಾತ್ರ ಸೀಮಿತವಾಗಿ ಉಳಿಯಲಿಲ್ಲ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಬಂತು. ಸಂತೆಯಲ್ಲಿ ಬಂತು. ತಂಗಿಯ ಮಗಳ ನಿಶ್ಚಯದ ದಿನ ಒಳಕೋಣೆಯಲ್ಲಿ ಹೆಂಗಸರ ನಡುವೆ ಸಿಕ್ಕಿಬಿದ್ದಾಗ ಬಂತು. ಎಲ್ಲೆಲ್ಲಿ ಬಂತೋ ಅಲ್ಲಲ್ಲಿಗೆ ಹೋಗುವುದನ್ನು ಬಿಟ್ಟೆ. ಕೊನೆಗೆ ದೀರ್ಘ ರಜೆ ಹಾಕಿ ಮನೆಯಲ್ಲಿ ಕೂತೆ. ಮನೆಯವರು ಅಂಗೈಯಲ್ಲಿಟ್ಟು ನೋಡಿಕೊಂಡರು. ಬೆಳಿಗ್ಗೆ ಹಾಸಿಗೆ ಬುಡಕ್ಕೇ ಕಷಾಯ. ನೆರೆಮನೆಯವರು ಬಂದು ಕೂತು ಮಾತಾಡಿಸುತ್ತಿದ್ದರು. ನಾನು ಒಬ್ಬಳೇ ಇರುವ ಗಳಿಗೆ ಒಂದೂ ಇರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ಶಾಲೆಗೆ ಹೋಗುವ ಮಕ್ಕಳನ್ನು ನೋಡುತ್ತಿದ್ದೆ. ನನಗೆ ಅಳು ಬರುತ್ತಿತ್ತು. ಇಷ್ಟು ಚೆನ್ನಾಗಿ ನೋಡಿಕೊಳ್ಳುವವರ ಮುಂದೆ ಅಳುವುದು ಹೇಗೆ ಎಂದು ಅದನ್ನೂ ನುಂಗುತ್ತಿದ್ದೆ.

"ನೌಕರಿ ಬಿಡು, ಆತು. ನಿಂಗೆ ಎಂತಕೆ ಈ ರಗಳೆ?" ಎಂದರು ಗಂಡ ಒಂದು ದಿನ. ಪ್ರೀತಿಯಿಂದಲೇ ಅಂದದ್ದು. ಮುಖ್ಯೋಪಾಧ್ಯಾಯರೂ ಹೇಳಿ ಕಳಿಸಿದ್ದರು, ಜೂನ್ ತಿಂಗಳಿಗೆ ಬರದಿದ್ದರೆ ಆಡಳಿತ ಮಂಡಳಿಯವರು ಬೇರೆಯವರನ್ನು ತೆಗೆದುಕೊಳ್ಳುತ್ತಾರೆ ಎಂದು. ಆ ದಿನ ಗೊತ್ತಾಯಿತು, ಶಾಲೆ ಹೋದರೆ ನನ್ನದು ಅನ್ನುವ ಜಾಗ ಇನ್ನೆಲ್ಲೂ ಇಲ್ಲ. ಮನೆಯಲ್ಲಿ ನಾನು ಸೊಸೆ, ಹೆಂಡತಿ, ಈಗ ರೋಗಿ. ಕಪ್ಪುಹಲಗೆಯ ಮುಂದೆ ಮಾತ್ರ ನಾನು ಭಾರತಿ. ಆ ಶಾಲೆಗೂ ನನಗೂ ನಡುವೆ ಇದ್ದದ್ದು ಒಂದು ಗಂಟೆಯ ಬಸ್ ದಾರಿ. "ಆನು ಬಿಡ್ತ್ನಿಲ್ಲೆ" ಎಂದೆ. ಅಷ್ಟು ಗಟ್ಟಿಯಾಗಿ ಹೇಳಿ ಎಷ್ಟೋ ದಿನವಾಗಿತ್ತು.

ಹುಬ್ಬಳ್ಳಿಯಲ್ಲಿ ಒಬ್ಬ ಮನಸ್ಸಿನ ಡಾಕ್ಟರು ಇದ್ದಾರೆ ಎಂದು ಗಂಡನಿಗೆ ಯಾರೋ ಹೇಳಿದರು. ಮನಸ್ಸಿನ ಡಾಕ್ಟರು ಎಂದರೆ ಊರವರು ಏನೆಂದುಕೊಳ್ಳುತ್ತಾರೆ? ಹಾಗಾಗಿ ಹಲ್ಲು ತೋರಿಸಲಿಕ್ಕೆ ಎಂದು ಸುದ್ದಿ ಹಬ್ಬಿಸಿದೆವು. ಬಾಡಿಗೆ ಕಾರಿನಲ್ಲಿ ಗಂಡ, ಅತ್ತೆ, ಫ್ಲಾಸ್ಕು, ನಾನು. ಯಲ್ಲಾಪುರ ದಾಟಿದ ಮೇಲೆ ಕಾಡು ಮುಗಿದು ಬಯಲು ಬಂದಾಗ ಕಿಟಕಿಯ ಗಾಜು ಪೂರ್ತಿ ಇಳಿಸಿ ಉಸಿರು ಎಳೆದುಕೊಂಡೆ.

ಅಲ್ಲಿ ಕಾಯುವ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ನೆಲದ ಫರಸಿ ಕಲ್ಲು ನೋಡುತ್ತಿದ್ದರು. ನನ್ನ ಪಕ್ಕದಲ್ಲಿ ತಲೆಗೆ ಸೆರಗು ಹೊದ್ದ ಒಬ್ಬ ಹೆಂಗಸು. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದರು.

"ನೀವು ಎಲ್ಲಿಯವರು?"

"ಶಿರಸಿ."

"ನಮ್ದು ಯಲ್ಲಾಪುರ. ಯಜಮಾನರದ್ದು ಲಾರಿ ಇದೆ." ದನಿ ಇನ್ನೂ ತಗ್ಗಿಸಿ, "ನಾನು ಮನೇಲಿ ಕಣ್ಣಿಗೆ ಅಂತ ಹೇಳಿ ಬಂದಿದೀನಿ" ಎಂದರು.

"ನಾನು ಹಲ್ಲಿಗೆ" ಎಂದೆ.

ಅವರು ಸೆರಗು ಬಾಯಿಗೊತ್ತಿ ನಕ್ಕರು. ನನಗೂ ತಡೆಯಲಾಗಲಿಲ್ಲ. ಆ ಕೋಣೆಯಲ್ಲಿ ನಗು ಕೇಳಿ ಚೀಟಿ ಕೊಡುವ ಹುಡುಗಿ ತಲೆಯೆತ್ತಿ ನೋಡಿದಳು. ಕುಕ್ಕರ್ ಕೂಗಿದರೆ ತನ್ನ ಜೀವ ಬಾಯಿಗೆ ಬರುತ್ತದೆ, ಅಡುಗೆಮನೆ ಬಿಟ್ಟು ಅಂಗಳಕ್ಕೆ ಓಡುತ್ತೇನೆ ಎಂದು ಅವರು ಹೇಳಿದರು. ನಾನು ಬಸ್ಸಿನ ಕಥೆ ಹೇಳಿದೆ. ಅವರ ಹೆಸರನ್ನೂ ಕೇಳಲಿಲ್ಲ. ಅದೆಷ್ಟೋ ತಿಂಗಳಲ್ಲಿ ನನ್ನ ಮಾತಿಗೆ "ಹೌದು, ಹಾಗೇ ಆಗುತ್ತೆ" ಎಂದ ಮೊದಲ ಮನುಷ್ಯರು ಅವರು.

ಡಾಕ್ಟರು ಗಂಡ, ಅತ್ತೆ ಇಬ್ಬರನ್ನೂ ಹೊರಗೆ ಕೂರಿಸಿದರು. ನಾನು ಎಲ್ಲ ಹೇಳಿದೆ, ಅಡಿಕೆ ಸೊಕ್ಕಿದ ಕಥೆಯನ್ನೂ. ಅವರಿಗೆ ಅದು ಹೊಸದು. ಕುರ್ಚಿ ಮುಂದೆ ಎಳೆದುಕೊಂಡರು.

"ಅಡಕಿ ತಿಂದು ಹಂಗಾದಾಗ ಬಸ್ಸಿಂದ ಇಳದು ಓಡ್ತೀರೇನ್ರಿ?"

"ಇಲ್ಲಪ್ಪ. ಒಂದು ಕಡೆ ಕೂತುಬಿಡ್ತೀವಿ."

"ಎದಿ ಹೊಡಕೋತದ, ಬೆವರು ಬರ್ತದ. ಹೆದರಿಕಿ ಆಗಂಗಿಲ್ಲ?"

"ಇಳಿಯುತ್ತೆ ಅಂತ ಗೊತ್ತಿರತ್ತಲ್ಲ" ಎಂದೆ.

"ಇದೂ ಇಳೀತದ್ರಿ" ಎಂದರು ಡಾಕ್ಟರು. "ಆದ್ರ ನಾ ಹೇಳಿದ್ರ ನಿಮ್ಮ ಎದಿ ನಂಬಂಗಿಲ್ಲ. ಅದಕ್ಕ ತಾನ ನೋಡಬೇಕು. ಗುಳಿಗಿ ಕೊಡ್ತೀನಿ, ಸ್ವಲ್ಪ ದಿನ ತೊಗೋರಿ. ದಿನಾ ಬಸ್ ಹತ್ರಿ. ಒಬ್ರೇ ಹತ್ರಿ. ಬಂದ್ರ ಬರಲಿ, ಕೂಡ್ರಿ. ಏರಿದಾಗ ಮಾತ್ರ ಇಳೀಬ್ಯಾಡ್ರಿ. ತಾನ ಇಳದ ಮ್ಯಾಲ ನೀವು ಇಳೀರಿ."

"ಎಷ್ಟು ದಿನ ಮಾಡಬೇಕು?"

"ಬ್ಯಾಸರ ಬರೋ ತನಕ" ಎಂದರು. "ಹೆದರಿಕಿ ಹೋಗಿ ಬ್ಯಾಸರ ಬಂತಂದ್ರ ಗೆದ್ರಿ ಅಂತ ತಿಳೀರಿ."

ಏನು ಮಾತಪ್ಪ ಇದು ಎನಿಸಿತು. ಇಷ್ಟು ದೂರ ಬಂದದ್ದು ಬೇಸರ ಮಾಡಿಕೊಳ್ಳಲಿಕ್ಕಾ? ಗುಳಿಗೆ ಸಹಾಯ ಮಾಡಿತು, ಸುಳ್ಳು ಹೇಳುವುದಿಲ್ಲ. ಹೆಸರು ಹೇಳುವುದಿಲ್ಲ; ನಿಮಗೇನು ಬೇಕೋ ನಿಮ್ಮ ಡಾಕ್ಟರು ಹೇಳುತ್ತಾರೆ.

ಮೊದಲು ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನೊಳಗೆ ಹೋಗಿ ಕೂರುವುದು, ಅದು ಹೊರಡುವ ಮೊದಲು ಇಳಿಯುವುದು. ಶೇಂಗಾ ಮಾರುವವನು ನನ್ನನ್ನು ಗುರುತು ಹಿಡಿದು, "ಇವತ್ತೂ ಹೋಗೂದಿಲ್ವ ಅಕ್ಕಾ?" ಎಂದು ಕೇಳುತ್ತಿದ್ದ. ಅವನ ಮೇಲೆ ಸಿಟ್ಟು ಬಂದು ಒಂದು ದಿನ ಇಳಿಯದೇ ಕೂತುಬಿಟ್ಟೆ, ಮೊದಲ ನಿಲ್ದಾಣದ ತನಕ ಹೋದೆ. ಅಲ್ಲಿ ಇಳಿದು, ರಸ್ತೆ ಬದಿಗೆ ನಿಂತು, ಎದುರು ಬಂದ ಬಸ್ಸಿಗೆ ವಾಪಸು. ಆಮೇಲೆ ಅದರ ಮುಂದಿನದು. ಕೆಲವು ದಿನ ಮುಂದೆ, ಕೆಲವು ದಿನ ಹಿಂದೆ. ಅದು ಬರುತ್ತಿತ್ತು. ಸೀಟಿನ ಮುಂದಿನ ಕಬ್ಬಿಣದ ಸರಳು ಹಿಡಿದು, ಅಡಿಕೆ ಸೊಕ್ಕಿದೆ, ಅಡಿಕೆ ಸೊಕ್ಕಿದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಕೂರುತ್ತಿದ್ದೆ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಈಗ ನಿಜವಾಗಿಯೂ ಹಲ್ಲಿನ ಡಾಕ್ಟರಿಗೆ ಹೋಗಬೇಕಾದೀತು ಎಂದು ಅತ್ತೆಗೆ ಹೇಳಿದೆ.

ಗಫೂರನ ಬಸ್ಸು ಸಿಕ್ಕರೆ ನನ್ನ ಅದೃಷ್ಟ. ಬಾಗಿಲ ಪಕ್ಕದ ಸೀಟು ನನಗಾಗಿ ಇಟ್ಟಿರುತ್ತಿದ್ದ. ಅಂತೂ ಒಂದು ದಿನ ಕಾನಸೂರು ಬಂತು. ಅಲ್ಲಿನ ಅಂಗಡಿಯಲ್ಲಿ ಚಹಾ ಕುಡಿದೆ, ಬಿಟ್ಟ ಚಹಾ. ಮೇ ಮುಗಿಯುವಷ್ಟರಲ್ಲಿ ಸಿದ್ದಾಪುರದಲ್ಲಿ ಇಳಿದೆ. ಜೂನಿನಲ್ಲಿ ಶಾಲೆಯ ಮೆಟ್ಟಿಲು ಹತ್ತುವಾಗ ಹುಡುಗರು ವರಾಂಡದಿಂದ ಒಳಗೆ ಓಡಿದರು. ಓಡಿ ಮಕ್ಕಳೇ, ಓಡಿ ಎಂದುಕೊಂಡೆ. ಅಷ್ಟು ಸಂತೋಷವಾಗಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಡಿನ ನಡುವೆ ಬಸ್ಸಿನ ಟೈರು ಪಂಕ್ಚರ್ ಆಯಿತು. ಎಲ್ಲರೂ ಇಳಿದರು. ನನ್ನ ಮುಖ ಸ್ವಲ್ಪ ಬಿಳುಪೇರಿರಬೇಕು, ಗಫೂರ್ ಹತ್ತಿರ ಬಂದು ಸಮಾಧಾನ ಹೇಳಿದ.

"ಹೆದರಬೇಡಿ ಅಕ್ಕೋರೇ. ಹಿಂದೆ ರಾಯರು ಇದಾರಲ್ಲ."

"ಯಾವ ರಾಯರು?"

ಅವನು ನಾಲಿಗೆ ಕಚ್ಚಿಕೊಂಡ. ನಾನು ಹಿಂದೆ ತಿರುಗಿ ನೋಡಿದೆ. ರಸ್ತೆಯ ತಿರುವಿನಲ್ಲಿ, ಮತ್ತಿ ಮರದ ಕೆಳಗೆ, ನಮ್ಮ ಮನೆಯ ಸ್ಕೂಟರ್. ಅದರ ಮೇಲೆ ಮಂಗನ ಟೊಪ್ಪಿಗೆ ಹಾಕಿಕೊಂಡು ಕೂತವರು ನನ್ನ ಗಂಡ. ಬೇರೆಲ್ಲೋ ನೋಡುತ್ತಿರುವ ಹಾಗೆ ನಟಿಸುತ್ತಿದ್ದರು.

ಮೊದಲ ದಿನದಿಂದಲೂ ಹಾಗೆಯೇ ನಡೆದಿತ್ತಂತೆ. ನಾನು ಮೊದಲ ನಿಲ್ದಾಣದಲ್ಲಿ ಇಳಿದು ವಾಪಸು ಬರುವಾಗಲೂ ಹಿಂದೆ ಸ್ಕೂಟರ್. ಕಾನಸೂರಿನಲ್ಲಿ ನಾನು ಹೆಮ್ಮೆಯಿಂದ ಚಹಾ ಕುಡಿಯುವಾಗ ಅವರು ಅಂಗಡಿಯ ಹಿಂದೆ. ಕಂಡಕ್ಟರನಿಗೆ ಹೇಳಿಟ್ಟದ್ದು, ಸೀಟು ಇಡಿಸಿದ್ದು, ಎಲ್ಲ ಅವರೇ. ಅಂಗಡಿಯ ಬಾಗಿಲು ದಿನಾ ತಡವಾಗಿ ತೆಗೆದು ಗಿರಾಕಿಗಳಿಂದ ಬೈಸಿಕೊಂಡಿದ್ದರು.

ಆ ಸಂಜೆ ನಾನು ಕೂಗಿದ್ದು ನೆರೆಮನೆಗೆ ಕೇಳಿರಬೇಕು.

"ಒಬ್ಳೇ ಹೋಗಿ ಬಂದಿ ಹೇಳಿ ಕುಣಿತಾ ಇದ್ನಲ, ನಿಂಗಕ್ಕೆ ನಗೆ ಬರ್ಲಿಲ್ಯ?"

"ನಗೆ ಎಂತಕೆ ಬತ್ತು? ಹೆದರಿಕೆ ಬತ್ತಿತ್ತು. ಕಾಡಲ್ಲಿ ನೀ ಬಿದ್ರೆ ಯಾರಿದ್ದ?"

"ಬಿದ್ರೆ ಬೀಳ್ತಿದ್ದಿ!"

ಅವರ ಕಣ್ಣಲ್ಲಿ ನೀರು ಬಂತು. ನನಗೆ ಪಾಪ ಎನಿಸಬೇಕಿತ್ತು. ಎನಿಸಲಿಲ್ಲ. ಅಷ್ಟು ತಿಂಗಳು ಒಂದೊಂದೇ ನಿಲ್ದಾಣ ಗೆದ್ದೆ ಎಂದುಕೊಂಡದ್ದು ಒಂದೇ ಏಟಿಗೆ ಹೋಯಿತಲ್ಲ. ಮರುದಿನ ಬಸ್ ಸ್ಟ್ಯಾಂಡಿಗೆ ಹೋದೆ, ಫುಟ್‌ಬೋರ್ಡಿನ ಮೇಲೆ ಕಾಲಿಟ್ಟೆ, ಇನ್ನೊಂದು ಕಾಲು ಎತ್ತಲಾಗಲಿಲ್ಲ. ಮನೆಗೆ ಬಂದು ಹೊದ್ದು ಮಲಗಿದೆ. ಅದರ ಮರುದಿನವೂ ಅಷ್ಟೇ. ಶಾಲೆಯಿಂದ ಫೋನು ಬಂತು. ಮುಖ್ಯೋಪಾಧ್ಯಾಯರು ಒಳ್ಳೆಯವರು, ಒಳ್ಳೆಯ ಮಾತಿನಲ್ಲೇ ಹೇಳಿದರು: "ಅಕ್ಕೋರೇ, ಇನ್ನೊಂದು ಸಲ ದೀರ್ಘ ರಜೆ ಅಂದ್ರೆ ನನ್ನ ಕೈಯಲ್ಲಿ ಆಗೂದಿಲ್ಲ." ಗೋಡೆಯ ಕಡೆ ತಿರುಗಿ ಮಲಗಿದರೆ ಗೋಡೆಯೂ ಹತ್ತಿರ ಬಂದಂತೆ ಆಗುತ್ತಿತ್ತು.

ಆಗ ಅತ್ತೆ ಬಂದು ಹಾಸಿಗೆಯ ಹತ್ತಿರ ಕೂತರು. ಕವಳದ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತ, ನನ್ನನ್ನು ನೋಡದೆ ಮಾತಾಡಿದರು.

"ಎಂಗೆ ತವರು ಹೇರೂರಿಗೆ ಹೋಪಲೂ ಒಬ್ರು ಬೇಕಾಗಿತ್ತು ತಂಗಿ. ಮೊದಲು ಅಪ್ಪಯ್ಯ, ಆಮೇಲೆ ನಿನ್ನ ಮಾವ, ಈಗ ಗಜು. ಎಂಗೆ ರೋಗ ಎಂತೂ ಇರ್ಲಿಲ್ಲೆ. ಹೆಂಗಸು ಹೇಳಿ, ಅಷ್ಟೇಯ. ಹೇರೂರಿಗೆ ಹೋಪ ಬಸ್ಸು ಯಾವ್ದು ಹೇಳಿ ಎಂಗೆ ಇವತ್ತಿಗೂ ಗೊತ್ತಿಲ್ಲೆ." ಎಲೆ ಮಡಿಸಿ ಬಾಯಿಗೆ ಹಾಕಿಕೊಂಡರು. "ನಿಂಗೆ ಹಾಂಗೆ ಆಪ್ದು ಬ್ಯಾಡ."

ಎದ್ದು ಹೋಗಿ ಮೊಳೆಗೆ ನೇತುಹಾಕಿದ್ದ ಸ್ಕೂಟರಿನ ಕೀಲಿ ತಂದರು. ನನ್ನ ಕಣ್ಣೆದುರಿಗೇ ಅದನ್ನು ಕವಳದ ಚೀಲದೊಳಗೆ ಹಾಕಿ, ದಾರ ಎಳೆದು ಗಂಟು ಕಟ್ಟಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. "ಗಜೂ, ಇನ್ನು ಬೆಳಿಗ್ಗೆ ಅಂಗಡಿಗೆ ನಡ್ಕಂಡು ಹೋಗು" ಎಂದು ಕೂಗಿ ಹೇಳಿದರು. ಆ ಚೀಲಕ್ಕೆ ಕೈ ಹಾಕುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನ್ನ ಗಂಡ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು. ಅಡಿಕೆ ಸೊಕ್ಕಿದ್ದು ಎಂದು ನನ್ನನ್ನು ಅಷ್ಟು ಗೋಳು ಹೊಯ್ದುಕೊಂಡ ಅತ್ತೆಯ ಕಾಲು ಹಿಡಿದು ಅತ್ತುಬಿಟ್ಟೆ.

ಮತ್ತೆ ಮೊದಲಿನಿಂದ. ಈ ಸಲ ಗಫೂರನ ಬಸ್ಸು ಬಿಟ್ಟು, ಅದಕ್ಕಿಂತ ಮೊದಲು ಹೊರಡುವ ಬಸ್ಸು ಹಿಡಿದೆ. ನನ್ನ ಗುರುತಿಲ್ಲದ ಕಂಡಕ್ಟರ್. ಬಾಗಿಲ ಸೀಟಿನಲ್ಲಿ ಯಾರೋ ಕೂತಿರುತ್ತಿದ್ದರು. ಸಿಕ್ಕಲ್ಲಿ ಕೂತೆ, ಸಿಗದಿದ್ದರೆ ನಿಂತೆ. ಶಾಲೆಗೆ ಹೋಗಲೇಬೇಕಾದ್ದರಿಂದ ಒಂದೊಂದೇ ನಿಲ್ದಾಣದ ಆಟ ಈಗ ಇಲ್ಲ, ಪೂರ್ತಿ ದಾರಿ. ಹಿಂದೆ ತಿರುಗಿ ನೋಡಬಾರದು ಎಂದು ಶಪಥ ಮಾಡಿದ್ದೆ, ಆದರೂ ನೋಡುತ್ತಿದ್ದೆ. ಖಾಲಿ ರಸ್ತೆ. ಮತ್ತೆ ಮುಂದೆ ತಿರುಗಿ ಸರಳು ಹಿಡಿದುಕೊಳ್ಳುತ್ತಿದ್ದೆ. ಚಳಿಗಾಲವೆಲ್ಲ ಹೀಗೇ ಕಳೆಯಿತು. ದಿನಾ ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳುವಾಗಲೇ ಇವತ್ತು ಬೇಡ ಎನಿಸುತ್ತಿತ್ತು. ದಿನಾ ಹೋಗುತ್ತಿದ್ದೆ. ಧೈರ್ಯ ಬಂದ ಮೇಲೆ ಹೋಗೋಣ ಎಂದು ಕಾದಿದ್ದರೆ ಇವತ್ತಿಗೂ ಆ ಕಿಟಕಿಯ ಸರಳು ಹಿಡಿದುಕೊಂಡೇ ಇರುತ್ತಿದ್ದೆ.

ಬೇಸಿಗೆಯ ಶುರುವಿನಲ್ಲಿ, ಪರೀಕ್ಷೆ ಹತ್ತಿರ ಬಂದಿದ್ದಾಗ, ಕಾನಸೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಬಸ್ಸು ನಿಂತಿತು. ಮುಂದೆ ಮರದ ನಾಟಾ ತುಂಬಿದ ಲಾರಿಯೊಂದು ಎಕ್ಸೆಲ್ ಮುರಿದು ರಸ್ತೆಗೆ ಅಡ್ಡ ನಿಂತಿತ್ತು. ಒಂದು ಕಡೆ ಎತ್ತರದ ಧರೆ, ಇನ್ನೊಂದು ಕಡೆ ಇಳಿಜಾರು. ನೋಡುತ್ತಿದ್ದಂತೆ ನಮ್ಮ ಹಿಂದೆ ಇನ್ನೊಂದು ಲಾರಿ, ಅದರ ಹಿಂದೆ ಟೆಂಪೋ, ಜೀಪು. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ನಾನು ಮೂರು ಜನರ ಸೀಟಿನಲ್ಲಿ ಕಿಟಕಿಯ ಕಡೆ ಸಿಕ್ಕಿಕೊಂಡಿದ್ದೆ. ಕಿಟಕಿಯ ಗಾಜು ಜಾಮ್ ಆಗಿತ್ತು. ಪಕ್ಕದಲ್ಲಿ ದಪ್ಪನೆಯ ಒಬ್ಬ ಹೆಂಗಸು, ತೊಡೆಯ ಮೇಲೆ ಹಲಸಿನಕಾಯಿ.

ಬಂತು. ಹಿಂದೆಂದೂ ಬಾರದಷ್ಟು ಜೋರಾಗಿ ಬಂತು. ಕಿವಿ ಗುಂಯ್‌ಗುಟ್ಟಿತು, ಬೆರಳ ತುದಿ ಜುಮುಜುಮು ಎಂದವು, ಕಣ್ಣೆದುರಿನ ಸೀಟಿನ ಹಸಿರು ರೆಕ್ಸಿನ್ ದೂರ ಹೋಗಿ ಹತ್ತಿರ ಬಂತು. ಅಭ್ಯಾಸದಂತೆ ಕುತ್ತಿಗೆ ಹಿಂದಕ್ಕೆ ತಿರುಗಿತು. ಹಿಂದೆ ಲಾರಿ. ಸ್ಕೂಟರ್ ಇಲ್ಲ. ಇರುವುದು ಸಾಧ್ಯವೇ ಇಲ್ಲ, ಅದರ ಕೀಲಿ ಅತ್ತೆಯ ಸೊಂಟದಲ್ಲಿದೆ. ಯಾರೂ ಬರುವುದಿಲ್ಲ. ಈ ಬಸ್ಸಿನಲ್ಲಿ ನನ್ನ ಹೆಸರು ಗೊತ್ತಿರುವವರು ಒಬ್ಬರೂ ಇಲ್ಲ.

ಹಲಸಿನಕಾಯಿಯ ಹೆಂಗಸು ನನ್ನ ಮುಖ ನೋಡಿದಳು. "ಎಂತಾ ಆಯ್ತ್ರಾ ಅಮ್ಮಾ? ಬೆವರ್ತಾ ಇದೀರಲ್ಲ."

ಎದ್ದು, ಇವಳನ್ನೂ ಹಲಸಿನಕಾಯಿಯನ್ನೂ ತಳ್ಳಿ, ಕೆಳಗೆ ಜಿಗಿದು ಓಡಿಬಿಡಲೇ ಎಂದು ಕಾಲು ಸೆಟೆದಿದ್ದವು. ಓಡಿ ಎಲ್ಲಿಗೆ ಹೋಗುವುದು, ಕಾಡಿಗಾ?

"ಅಡಿಕೆ ಸೊಕ್ಕಿದೆ" ಎಂದೆ. "ಸ್ವಲ್ಪ ಹೊತ್ತಿಗೆ ಇಳಿಯುತ್ತೆ."

"ಅಷ್ಟೇಯಾ!" ಎಂದು ಅವಳು ಹಲಸಿನಕಾಯಿ ಆ ಕಡೆ ಸರಿಸಿ ನನಗೆ ಸ್ವಲ್ಪ ಜಾಗ ಮಾಡಿದಳು. ಆಮೇಲೆ ನನ್ನ ಕಡೆ ನೋಡಲಿಲ್ಲ. ಅಡಿಕೆ ಸೊಕ್ಕಿದವರನ್ನು ಯಾರು ನೋಡುತ್ತ ಕೂರುತ್ತಾರೆ?

ಕೂತೆ. ಏರುವಷ್ಟು ಏರಲಿ ಎಂದು ಬಿಟ್ಟೆ. ಇನ್ನು ಆಗದು ಎನ್ನುವಲ್ಲಿಗೆ ಹೋಯಿತು, ಅಲ್ಲಿಂದಲೂ ಮೇಲೆ ಹೋಯಿತು. ಸರಳು ಹಿಡಿದ ಕೈಯನ್ನು ಬೇಕೆಂದೇ ಬಿಟ್ಟು ತೊಡೆಯ ಮೇಲೆ ಇಟ್ಟುಕೊಂಡೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು, ನಾನು ಇದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಹೊರಗೆ ಲಾರಿಯವರು ನಾಟಾ ಇಳಿಸುತ್ತಿದ್ದರು. ಇಬ್ಬರು ಎತ್ತುವುದು, ನಾಲ್ವರು ನಿಂತು ಬೀಡಿ ಸೇದುತ್ತ ನೋಡುವುದು. ಒಂದು ದಿಮ್ಮಿ ಇಳಿಸಿ ಒಂದು ಸುತ್ತು ಮಾತು. ಅಯ್ಯೋ ದೇವರೇ, ಇವರು ಹೀಗೆ ಮಾಡಿದರೆ ಮಧ್ಯಾಹ್ನವಾಗುತ್ತದೆ, ನನ್ನ ಹತ್ತನೇ ಕ್ಲಾಸಿನ ಮಕ್ಕಳಿಗೆ ಇನ್ನೂ ವೃತ್ತದ ಪಾಠ ಮುಗಿದಿಲ್ಲ. ಎದ್ದು ನಿಂತು ಮುಂದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏ, ನಿಂತವರೂ ಒಂದು ಕೈ ಹಚ್ರೋ! ಏನು ಜಾತ್ರೆಗೆ ಬಂದಿದೀರಾ?" ಎಂದು ನನ್ನ ಕ್ಲಾಸಿನ ದನಿಯಲ್ಲಿ ಗದರಿದೆ. ಬೀಡಿ ಎಸೆದು ನಾಲ್ವರೂ ಓಡಿದರು.

ಕೂತ ಮೇಲೆ ಆಕಳಿಕೆ ಬಂತು. ಬಾಯಿ ತೆರೆದವಳು ಹಾಗೇ ಒಂದು ಕ್ಷಣ ಉಳಿದುಬಿಟ್ಟೆ. ನನಗೆ ಬೇಸರ ಬಂದಿತ್ತು.

ಅದು ಅವತ್ತಿಗೆ ಮುಗಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ವರ್ಷಕ್ಕೆ ಯಾವಾಗಲಾದರೂ ತಲೆ ಹಾಕುತ್ತದೆ, ಕೂರು ಎನ್ನುತ್ತೇನೆ, ಕೂತು ಹೋಗುತ್ತದೆ. ಬಾಗಿಲ ಪಕ್ಕದ ಸೀಟು ಸಿಕ್ಕರೆ ಇವತ್ತಿಗೂ ನನಗೆ ಸಂತೋಷವೇ.

ಸಿದ್ದಾಪುರ ತಲುಪುವಾಗ ಮಧ್ಯಾಹ್ನವೇ ಆಗಿತ್ತು. ಲಾರಿ ಅಡ್ಡ ನಿಂತ ಸುದ್ದಿ ಶಿರಸಿಗೆ ಮುಟ್ಟಿರುತ್ತದೆ, ಮನೆಯಲ್ಲಿ ಒದ್ದಾಡುತ್ತಿರುತ್ತಾರೆ ಎಂದು ಗೊತ್ತಿತ್ತು. ಬಸ್ ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿಗೆ ಹೋದೆ. ಗಾಜಿನ ಸಣ್ಣ ಪೆಟ್ಟಿಗೆಯಂಥದ್ದು, ವರ್ಷದ ಕೆಳಗೆ ಅದರೊಳಗೆ ಕಾಲಿಡುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ನಂಬರ್ ಒತ್ತಿದೆ. ಮೊದಲ ರಿಂಗಿಗೇ ಗಂಡ ಎತ್ತಿದರು.

"ಎಲ್ಲಿದ್ದೆ? ಆರಾಮಿದ್ಯ? ಬಂಜಾ ಅದು?"

"ಬಂಜು. ಹೋಜು." ಬಂದಿತ್ತು, ಹೋಗಿತ್ತು, ಅಷ್ಟೇ.

ಆ ಕಡೆ ಉಸಿರು ಕೇಳಿಸಿತು. "ಅಯ್ಯೋ ರಾಮಾ. ಜೊತೆಗೆ ಯಾರಿದ್ದಿದ್ದ?"

"ಆನಿದ್ನಲ" ಎಂದೆ.

ಹಿಂದಿನಿಂದ ಅತ್ತೆಯ ದನಿ, ಬಾಯಲ್ಲಿ ಕವಳ ತುಂಬಿಕೊಂಡು: "ಎಂತ ಹೇಳ್ತಾ ಇದ್ದು ಅದು? ಜೊತೆಗೆ ಯಾರಿದ್ವಡ?"

"ಅದೇ ಇತ್ತಡ" ಎಂದರು ಗಂಡ.

"ಸಾಕಲ" ಎಂದರು ಅತ್ತೆ. "ಫೋನಿಡು. ಅದಕ್ಕೆ ಶಾಲೆಗೆ ಹೊತ್ತಾತು."